ಬಾಣಂತಿಗೆ ಪಾಠ ಹೇಳುವವರು

ತಿಳಿದವರು ತಿಳಿಯದವರಿಗೆ ಹೇಳಬೇಕು ಎಂಬ ಮಾತಿಗೆ ನಮ್ಮಲ್ಲಿ ಯಾರದೂ ತಕರಾರಿಲ್ಲ. ಆದರೆ ಕೇಳಿಸಿಕೊಳ್ಳಬೇಕಾದವಳು ನಿನ್ನೆಯಷ್ಟೇ ಹೆತ್ತವಳು. ಎರಡು ರಾತ್ರಿ ಅವಳಿಗೆ ನಿದ್ದೆಯಿಲ್ಲ, ತೋಳಿನಲ್ಲಿ ಮಗು ಅಳುತ್ತಿದೆ. ಆಗಲೂ ತಿಳಿದದ್ದನ್ನೆಲ್ಲ ಹೇಳಿಬಿಡುವುದು ಧರ್ಮವೇ? ಎಲ್ಲಿಯವರೆಗೆ ಅದು ಸಹಾಯ, ಎಲ್ಲಿಂದ ಒತ್ತಾಯ? ನಮ್ಮ ದೇವಸ್ಥಾನಕ್ಕೆ ನಾಮಕರಣಕ್ಕೆಂದು ಬರುವ ಹೊಸ ತಾಯಂದಿರನ್ನು ನನ್ನ ಹೆಂಡತಿ ಮಾತಾಡಿಸಿದಾಗಲೆಲ್ಲ, ಹೆರಿಗೆಯ ನೋವಿಗಿಂತ ಮೊದಲು ಬರುವ ಮಾತು ಹಾಲಿನದು. ಅದಕ್ಕೇ ಈ ಪ್ರಶ್ನೆಯನ್ನು ನಿಮ್ಮ ಮುಂದೆ ಇಡುತ್ತಿದ್ದೇನೆ.

ಮೊದಲು ಗಂಟೆಗಳ ಲೆಕ್ಕ ನೋಡೋಣ. ಅಮೆರಿಕದ 1996ರ ಕಾನೂನಿನ ಪ್ರಕಾರ, ಹೆರಿಗೆಯ ಖರ್ಚು ಕೊಡುವ ವಿಮಾ ಕಂಪನಿ ಸಹಜ ಹೆರಿಗೆಗೆ 48 ಗಂಟೆ, ಸಿಸೇರಿಯನ್‌ಗೆ 96 ಗಂಟೆಯಾದರೂ ಆಸ್ಪತ್ರೆಯಲ್ಲಿ ಇರಲು ಬಿಡಬೇಕು. ಸಾಮಾನ್ಯವಾಗಿ ಅಷ್ಟು ಹೊತ್ತಿಗೆ ಮನೆಗೆ ಕಳಿಸಿಬಿಡುತ್ತಾರೆ. ಹಾಲಿಗೆ ಈ ಕಾನೂನು ಗೊತ್ತಿಲ್ಲ! ಮಾಸು ಬಿದ್ದ ಮೇಲೆ ಪ್ರೊಜೆಸ್ಟರಾನ್ ಎಂಬ ಹಾರ್ಮೋನ್ ಇಳಿದು, ಸಾಮಾನ್ಯವಾಗಿ ಎರಡರಿಂದ ನಾಲ್ಕನೆಯ ದಿನದೊಳಗೆ ಹಾಲು ತುಂಬಿ ಬರುತ್ತದೆ. ಚೊಚ್ಚಲ ಹೆರಿಗೆಯಲ್ಲಿ, ಸಿಸೇರಿಯನ್‌ನಲ್ಲಿ ಇನ್ನೂ ತಡವಾಗಬಹುದು. ಅಲ್ಲಿಯವರೆಗೆ ಬರುವುದು ಚಮಚದಲ್ಲಿ ಅಳೆಯುವಷ್ಟು ಹಳದಿ ಹಾಲು. ಅಂದರೆ ಪಾಠ ನಡೆಯುವುದು ಹಾಲು ಬರುವ ಮೊದಲು, ಹಾಲು ಬರುವುದು ಮೇಷ್ಟ್ರು ಹೋದ ಮೇಲೆ. ಸಾಫ್ಟ್‌ವೇರ್‌ನವರಿಗೆ ಇದು ಹೊಸದಲ್ಲ. ಸಿಸ್ಟಮ್ ಚಾಲೂ ಆಗುವ ದಿನವೇ ಟ್ರೇನಿಂಗ್ ಕೊಟ್ಟವನು ವಿಮಾನ ಹತ್ತಿರುತ್ತಾನೆ.

ನಮ್ಮ ಮಗಳು ಹುಟ್ಟಿದಾಗ ಬಾಣಂತನಕ್ಕೆಂದು ಅತ್ತೆ ಹಾಸನದಿಂದ ಬಂದಿದ್ದರು. ಆಸ್ಪತ್ರೆಯಲ್ಲಿ ನಮ್ಮ ಕೈಗೆ ಒಂದು ಚಾರ್ಟ್ ಕೊಟ್ಟರು. ಯಾವ ಕಡೆ, ಎಷ್ಟು ನಿಮಿಷ, ಎಷ್ಟು ಒದ್ದೆ ಡೈಪರ್ ಎಂದು ಬರೆಯುತ್ತಾ ಹೋಗಬೇಕು. ಲ್ಯಾಕ್ಟೇಶನ್ ಕನ್ಸಲ್ಟೆಂಟ್ ಬಂದು, ಮಗು ಬಾಯಿ ಅಗಲವಾಗಿ ತೆರೆಯಬೇಕು, ತೊಟ್ಟನ್ನಷ್ಟೇ ಅಲ್ಲ, ಸುತ್ತಲಿನ ಕಪ್ಪು ಭಾಗವನ್ನೂ ಹಿಡಿಯಬೇಕು ಎಂದು ಚಿತ್ರ ತೋರಿಸಿ ವಿವರಿಸಿದರು. ನಾನು ಕನ್ನಡಕ್ಕೆ ಅನುವಾದಿಸುತ್ತಿದ್ದೆ. ಅತ್ತೆ ಚಿತ್ರ ನೋಡಿ, “ಹಿಂಗೇ ಅಲ್ವೇನಪ್ಪಾ ನಾವೂ ಹಿಡಿಸ್ತಿದ್ದಿದ್ದು, ಇದಕ್ಕೆ ಪೇಪರ್ ಯಾಕೆ?” ಎಂದರು. ಕೆಲವೇ ಗಂಟೆಗಳಲ್ಲಿ ಅದೇ ಅತ್ತೆ, “ಮಗೂಗೆ ಹಾಲು ಸಾಲ್ತಿಲ್ಲ, ಒಂದು ಬಾಟ್ಲಿ ಕೇಳಿ” ಎಂದಾಗ, ನರ್ಸ್ ಈಗ ಬಾಟಲಿ ಬೇಡ, ತೂಕ ಸ್ವಲ್ಪ ಇಳಿಯುವುದು ಸಹಜ ಎಂದರು. ಇಬ್ಬರು ಗುರುಗಳಿಗೂ ತಮ್ಮ ಮಾತಿನ ಮೇಲೆ ಪೂರ್ತಿ ಭರವಸೆ. ನಡುವೆ ಮಲಗಿದ್ದವಳನ್ನು ಮಾತ್ರ ಯಾರೂ ಏನೂ ಕೇಳಲಿಲ್ಲ.

ಅಜ್ಜಿಯರ ಮಾತೇ ಸರಿ, ಆಸ್ಪತ್ರೆಯವರದು ಪುಸ್ತಕದ ಬದನೆಕಾಯಿ ಎನ್ನುವವರು ನಮ್ಮಲ್ಲಿದ್ದಾರೆ. ನಾನು ಒಪ್ಪುವುದಿಲ್ಲ. ಹಸು ಕರು ಹಾಕಿದರೆ ಅದರ ಮೊದಲ ಹಾಲನ್ನು ಬೆಲ್ಲ, ಏಲಕ್ಕಿ ಹಾಕಿ ಗಿಣ್ಣು ಮಾಡಿ ಬೀದಿಗೆಲ್ಲ ಹಂಚಿದ ನಾವೇ, ಹೆಣ್ಣಿನ ಮೊದಲ ಹಾಲನ್ನು ಕೆಟ್ಟದ್ದೆಂದು ಎಷ್ಟೋ ಮನೆಗಳಲ್ಲಿ ಹಿಂಡಿ ಚೆಲ್ಲಿಸಿದ್ದೇವೆ. ಕೂಸಿನ ನಾಲಿಗೆಗೆ ಜೇನುತುಪ್ಪ, ಸಕ್ಕರೆ ನೀರು, ಹರಳೆಣ್ಣೆ ಹಚ್ಚಿದ್ದೇವೆ. ರೋಗ ತಡೆಯುವ ಅಂಶಗಳು ತುಂಬಿರುವುದು ಆ ಮೊದಲ ಹಾಲಿನಲ್ಲೇ. ಜೇನಿನಿಂದ ಬಾಟ್ಯುಲಿಸಮ್ ಬರಬಹುದೆಂದು ಒಂದು ವರ್ಷದವರೆಗೂ ಅದನ್ನು ಕೊಡಬಾರದು. ಪ್ರೀತಿ ಇದ್ದ ಮಾತ್ರಕ್ಕೆ ತಿಳಿವಳಿಕೆ ಇರುತ್ತದೆ ಎಂದಲ್ಲ.

ಹಾಗೆಂದು ಆಸ್ಪತ್ರೆಯ ಕೈಯೂ ಶುದ್ಧವಲ್ಲ. ಇದೇ ದೇಶದಲ್ಲಿ ಹುಟ್ಟಿದ ಮಗುವನ್ನು ತಾಯಿಯಿಂದ ಬೇರೆ ಮಾಡಿ ನರ್ಸರಿಯಲ್ಲಿಟ್ಟು, ಗಡಿಯಾರ ನೋಡಿ ನಾಲ್ಕು ಗಂಟೆಗೊಮ್ಮೆ ಬಾಟಲಿ ಕೊಟ್ಟ ಕಾಲವಿತ್ತು. 1970ರ ದಶಕದ ಆರಂಭದಲ್ಲಿ ಇಲ್ಲಿ ಎದೆಹಾಲು ಕೊಡಲು ಶುರುಮಾಡುತ್ತಿದ್ದ ತಾಯಂದಿರು ಸುಮಾರು ಕಾಲುಭಾಗ ಮಾತ್ರ. 1981ರಲ್ಲಿ ಹಾಲಿನ ಪುಡಿಯ ಪ್ರಚಾರಕ್ಕೆ ಕಡಿವಾಣ ಹಾಕುವ ಸಂಹಿತೆ ವಿಶ್ವ ಆರೋಗ್ಯ ಸಭೆಯ ಮುಂದೆ ಬಂದಾಗ 118 ದೇಶಗಳು ಪರ, ಒಂದೇ ದೇಶ ವಿರುದ್ಧ. ಆ ಒಂದು, ನಾವೀಗ ವಾಸವಾಗಿರುವ ದೇಶ. ಹಾಗಾಗಿ 1991ರಿಂದ ವಿಶ್ವ ಆರೋಗ್ಯ ಸಂಸ್ಥೆ ಮತ್ತು ಯುನಿಸೆಫ್ ಆಸ್ಪತ್ರೆಗಳಲ್ಲಿ ಹರಡಿದ ಈ ಶಿಕ್ಷಣವನ್ನು ನಾನು ಉಪಕಾರ ಎನ್ನುವುದಿಲ್ಲ, ಋಣ ಎನ್ನುತ್ತೇನೆ. ತಾಯಿಯ ಕೈಯಿಂದ ಕಸಿದುಕೊಂಡ ವಿದ್ಯೆಯನ್ನು ವಾಪಸು ಕೊಡುತ್ತಿದ್ದಾರೆ. ಸಾಲ ತೀರಿಸಲು ಬಂದವನು ಧಣಿಯ ದನಿಯಲ್ಲಿ ಮಾತಾಡಬಾರದಲ್ಲವೇ?

ಈ ಪಾಠದಿಂದ ನಿಜವಾಗಿ ಪ್ರಯೋಜನವಿದೆಯೇ ಎಂಬುದಕ್ಕೆ ಬೆಲಾರೂಸ್ ದೇಶದ ಒಂದು ಪ್ರಯೋಗ ಒಳ್ಳೆಯ ಉತ್ತರ. ಇಂಥ ತಾಯಿ ಹಾಲು ಕೊಡಲಿ, ಇಂಥವಳು ಬೇಡ ಎಂದು ಚೀಟಿ ಎತ್ತುವುದು ಅನ್ಯಾಯ. ಆದ್ದರಿಂದ 1996–97ರಲ್ಲಿ ಅಲ್ಲಿ ಆಸ್ಪತ್ರೆಗಳನ್ನು ಚೀಟಿ ಎತ್ತಿದರು. ಕೆಲವು ಕಡೆ ಸಿಬ್ಬಂದಿಗೆ ಹೊಸ ತರಬೇತಿ, ಉಳಿದ ಕಡೆ ಹಳೆಯ ಪದ್ಧತಿ. ಹದಿನೇಳು ಸಾವಿರಕ್ಕೂ ಹೆಚ್ಚು ತಾಯಿ-ಮಕ್ಕಳು. ಮೂರನೆಯ ತಿಂಗಳಲ್ಲಿ ಬರೀ ಎದೆಹಾಲು ಕುಡಿಯುತ್ತಿದ್ದ ಮಕ್ಕಳು ಹೊಸ ಪಾಠ ಇದ್ದ ಕಡೆ ಶೇಕಡಾ 43.3, ಇಲ್ಲದ ಕಡೆ 6.4. ಮೊದಲ ವರ್ಷದಲ್ಲಿ ಹೊಟ್ಟೆಯ ಸೋಂಕು, ಚರ್ಮದ ಎಕ್ಸಿಮಾ ಕಡಿಮೆಯಾದವು. ಆದರೆ ಅದೇ ಮಕ್ಕಳು ದೊಡ್ಡವರಾದಾಗ ನೋಡಿದರೆ ಬೊಜ್ಜಿನಲ್ಲಾಗಲಿ ಆಸ್ತಮಾದಲ್ಲಾಗಲಿ ಇಳಿಕೆ ಕಾಣಲಿಲ್ಲ.

ನನ್ನ ಮಟ್ಟಿಗೆ ನೈತಿಕ ಪ್ರಶ್ನೆಯ ಗಂಟು ಇರುವುದು ಇಲ್ಲಿ. ಲಾಭ ಎಷ್ಟಿದೆಯೋ ಅಷ್ಟೇ ಹೇಳಬೇಕು. ಬಾಟಲಿ ಕೊಟ್ಟರೆ ಮಗು ದಡ್ಡವಾಗುತ್ತದೆ, ತಾಯಿ-ಮಗುವಿನ ಬಾಂಧವ್ಯವೇ ಹೋಗುತ್ತದೆ ಎಂದು ಹೆದರಿಸಿ ಹಾಲು ಕೊಡಿಸಿದರೆ, ಕೆಲಸ ಒಳ್ಳೆಯದಾದರೂ ಮಾತು ಸುಳ್ಳೇ. ಆ ಸುಳ್ಳಿಗೆ ದಂಡ ತೆರುವವಳು ಹಾಲು ಬರದ ತಾಯಿ. ಎಷ್ಟು ಪ್ರಯತ್ನಿಸಿದರೂ ಹಾಲು ಸಾಲದವರು, ಎದೆಯ ಶಸ್ತ್ರಚಿಕಿತ್ಸೆಯಾದವರು, ಕ್ಯಾನ್ಸರ್ ಔಷಧಿ ತೆಗೆದುಕೊಳ್ಳುವವರು ಇದ್ದಾರೆ. ಇನ್ನೊಂದು ಕೆಲಸದ ಪಾಳಿಗೆ ಓಡಲೇಬೇಕಾದವರೂ ಇದ್ದಾರೆ. 2022ರಲ್ಲಿ ಇಲ್ಲಿ ಫಾರ್ಮುಲಾ ಅಭಾವವಾದಾಗ “ಎದೆಹಾಲು ಕೊಟ್ಟರಾಯಿತಪ್ಪ” ಎಂದು ಸಲಹೆ ಕೊಟ್ಟವರನ್ನು ಕಂಡಿದ್ದೇನೆ. ಬತ್ತಿದ ಹಾಲು ನಲ್ಲಿ ತಿರುಗಿಸಿದರೆ ಬರುವಂಥದ್ದಲ್ಲ.

ಮಹಾಭಾರತದ ಮಾಂಧಾತನ ಕಥೆ ನಿಮಗೆ ಗೊತ್ತಿರಬಹುದು. ಮಂತ್ರಜಲವನ್ನು ತಿಳಿಯದೆ ಕುಡಿದ ಯುವನಾಶ್ವ ರಾಜನ ಪಕ್ಕೆ ಸೀಳಿ ಹುಟ್ಟಿದ ಮಗು ಅದು. ತಂದೆಯ ಬಳಿ ಹಾಲೆಲ್ಲಿ ಬರಬೇಕು? ಕೂಸು ಏನು ಕುಡಿದೀತು ಎಂದು ದೇವತೆಗಳು ಚಿಂತಿಸಿದಾಗ ಇಂದ್ರ ತನ್ನ ಬೆರಳನ್ನೇ ಅದರ ಬಾಯಿಗಿಟ್ಟ. ಮಗು ಬೆಳೆದು ಚಕ್ರವರ್ತಿಯಾಯಿತು. ಹಾಲಿಲ್ಲವೆಂದು ಯುವನಾಶ್ವನನ್ನು ಅಲ್ಲಿ ಯಾರೂ ನಿಂದಿಸುವುದಿಲ್ಲ, ಮಗುವಿಗೆ ಉಣಿಸುವ ದಾರಿ ಹುಡುಕುತ್ತಾರೆ.

2018ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ತನ್ನ ಹತ್ತು ಸೂತ್ರಗಳನ್ನು ತಿದ್ದಿ ಬರೆಯಿತು. ಮೊದಲು ಬಾಟಲಿ ನಿಪ್ಪಲ್, ಪ್ಯಾಸಿಫೈಯರ್ ಕೊಡಲೇಬೇಡಿ ಎಂದಿದ್ದ ಜಾಗದಲ್ಲಿ, ಅವುಗಳ ಬಳಕೆ ಮತ್ತು ಅಪಾಯದ ಬಗ್ಗೆ ತಾಯಿಗೆ ತಿಳಿಸಿ ಹೇಳಿ ಎಂದಿದೆ. ಸಣ್ಣ ಬದಲಾವಣೆ, ಆದರೆ ಅಪ್ಪಣೆ ಮಾತುಕತೆಯಾಯಿತು. ಆ ಮಾತುಕತೆ ಹೆರಿಗೆಗೆ ಮುಂಚೆ, ಏಳೆಂಟನೆಯ ತಿಂಗಳಲ್ಲೇ ಶುರುವಾಗಬೇಕು. ಗಂಡನೂ ಕೂತು ಕೇಳಬೇಕು. ಮನೆಗೆ ಬಂದ ಮೇಲೂ ನಡೆಯಬೇಕು. 2010ರ ಆರೋಗ್ಯ ಕಾನೂನಿನಿಂದಾಗಿ ಇಲ್ಲಿನ ಹೆಚ್ಚಿನ ವಿಮೆಗಳು ಹಾಲುಣಿಸುವ ಸಲಹೆ ಮತ್ತು ಪಂಪ್‌ನ ಖರ್ಚು ಭರಿಸುತ್ತವೆ. ಹಾಲು ಬರುವ ನಾಲ್ಕನೆಯ ದಿನಕ್ಕೆ ಅದನ್ನು ಉಪಯೋಗಿಸಿಕೊಳ್ಳಿ. ಇನ್ನು ಎಲ್ಲ ಕೇಳಿದ ಮೇಲೂ ಬಾಟಲಿಯೇ ಸಾಕು ಎನ್ನುವ ತಾಯಿಗೆ, ಪುಡಿ ಎಷ್ಟು ಚಮಚ, ನೀರು ಎಷ್ಟು, ಹಾಲು ತೆಳುಮಾಡಿದರೆ ಏನಾಗುತ್ತದೆ, ಕಲಸಿಟ್ಟದ್ದನ್ನು ಯಾವಾಗ ಚೆಲ್ಲಬೇಕು ಎಂಬುದನ್ನೂ ಅಷ್ಟೇ ತಾಳ್ಮೆಯಿಂದ, ಅದೇ ಕುರ್ಚಿಯಲ್ಲಿ ಕೂತು ಆ ನರ್ಸ್ ಕಲಿಸಿಕೊಡಬೇಕು.