ಒಂದೇ ಪದರದ ಒಡಹುಟ್ಟುಗಳು

ತಾಯಿಯ ಗರ್ಭದಲ್ಲಿ ಭ್ರೂಣಕ್ಕೆ ಮೂರು ವಾರ ತುಂಬುವ ಹೊತ್ತಿಗೆ ಅದರ ಮೈಯೆಂದರೆ ಮೂರು ತೆಳು ಪದರಗಳು, ಅಷ್ಟೇ. ಹೊರಪದರದ ನಡುಭಾಗ ಮೆಲ್ಲನೆ ತಗ್ಗಾಗುತ್ತದೆ, ಅಂಚುಗಳು ಮೇಲೆದ್ದು ಕೂಡಿಕೊಂಡು ಕೊಳವೆಯಾಗುತ್ತವೆ. ಸುಮಾರು 28ನೇ ದಿನಕ್ಕೆ ಕೊಳವೆಯ ಎರಡೂ ಬಾಯಿ ಮುಚ್ಚಿರುತ್ತವೆ. ಹೀಗೆ ಒಳಗೆ ಸರಿದದ್ದು ಮುಂದೆ ಮಿದುಳು, ಬೆನ್ನುಹುರಿ. ಹೊರಗೆ ಉಳಿದದ್ದು ಚರ್ಮದ ಮೇಲ್ಪದರ. ಎರಡೂ ಒಡಹುಟ್ಟುಗಳು.

ಅಂಗಡಿಗೆ ಹೋದರೆ ಮಾತ್ರ ಇವೆರಡರ ಪಾಲಾಗಿ ಬಹಳ ಕಾಲವಾಗಿದೆ. ಮುಖಕ್ಕೆ ಹಚ್ಚುವ ಕ್ರೀಮು ಒಂದು ಕಪಾಟಿನಲ್ಲಿ, ಪರೀಕ್ಷೆಗೆ ಕೂರುವ ಮಕ್ಕಳ ನೆನಪಿನ ಟಾನಿಕ್ಕು ಇನ್ನೊಂದರಲ್ಲಿ. ದೇಹ ಹಾಗೆ ವಿಂಗಡಿಸಿಕೊಂಡಿಲ್ಲ. ಬೀಡಿ, ಸಿಗರೇಟು ರಕ್ತನಾಳಗಳನ್ನು ಬಿಗಿಯುವಾಗ ಇದು ಕೆನ್ನೆಯದು, ಇದು ಮಿದುಳಿನದು ಎಂದು ಆರಿಸುವುದಿಲ್ಲ. ಮನಸ್ಸಿಗೆ ತಳಮಳವಾದರೆ ಇಸುಬು ಕೆರಳುತ್ತದೆ. ತುರಿಕೆಯಿಂದ ರಾತ್ರಿಯ ನಿದ್ದೆ ಹೋಗುತ್ತದೆ. ನಿದ್ದೆಗೆಟ್ಟವರಿಗೆ ಬೆಳಗಾದರೆ ಇನ್ನಷ್ಟು ತಳಮಳ.

ಎಳೆಬಿಸಿಲಿಗೆ ಮೈಯೊಡ್ಡಿದರೆ ವಿಟಮಿನ್ ಡಿ ಸಿಗುತ್ತದೆ ಎಂದು ವಾಕಿಂಗ್ ಹೋಗುವವರು ಹೇಳುವುದುಂಟು. ಅಷ್ಟೇನೂ ಸಿಗುವುದಿಲ್ಲ. ಸೂರ್ಯ ಕೆಳಗಿರುವಾಗ ಅದಕ್ಕೆ ಬೇಕಾದ ನೇರಳಾತೀತ ಕಿರಣಗಳಲ್ಲಿ ಬಹುಪಾಲನ್ನು ವಾತಾವರಣವೇ ತಡೆದುಬಿಡುತ್ತದೆ, ಬಿಸಿಲು ಏರಬೇಕು. ಎಳೆಬಿಸಿಲಿನ ಲಾಭ ಬೇರೆ, ಅದು ಬರುವುದು ಕಣ್ಣಿನ ದಾರಿಯಲ್ಲಿ. ಸುತ್ತಲಿನ ಬೆಳಕು ಎಷ್ಟೆಂದು ಅಳೆಯಲೆಂದೇ ಅಕ್ಷಿಪಟಲದಲ್ಲಿ ಕೆಲವು ಕೋಶಗಳಿವೆ. ಬೆಳಗಾಯಿತೆಂದು ಮಿದುಳಿನ ಗಡಿಯಾರಕ್ಕೆ ಸುದ್ದಿ ಮುಟ್ಟಿಸುವವು ಅವೇ. ಈ ಗಡಿಯಾರ ಕೋಶದೊಳಗೆ ಹೇಗೆ ನಡೆಯುತ್ತದೆಂದು ಹಣ್ಣಿನ ನೊಣಗಳಲ್ಲಿ ತೋರಿಸಿದ ಹಾಲ್, ರಾಸ್‌ಬ್ಯಾಷ್, ಯಂಗ್ ಎಂಬ ಮೂವರಿಗೆ 2017ರಲ್ಲಿ ನೊಬೆಲ್ ಬಂತು. ಚರ್ಮದ ಕೋಶಗಳಲ್ಲೂ ಇಂಥ ಪುಟ್ಟ ಗಡಿಯಾರಗಳಿವೆ. ನಡುರಾತ್ರಿ ಮೊಬೈಲ್ ಹಿಡಿದು ಕೂತರೆ ಹೊತ್ತು ತಪ್ಪುವುದು ಬರೀ ತಲೆಗಲ್ಲ.

ಇನ್ನು ಎಣ್ಣೆ. ಯುಗಾದಿಗೊಮ್ಮೆ, ನರಕಚತುರ್ದಶಿಗೊಮ್ಮೆ ಮಣೆ ಹಾಕಿ ಕೂರಿಸಿ, ಬೆಚ್ಚಗೆ ಮಾಡಿದ ಹರಳೆಣ್ಣೆಯನ್ನು ನೆತ್ತಿಗೆ ತಟ್ಟಿ, ಭುಜದಿಂದ ಮುಂಗೈವರೆಗೆ ನೀವಿ ಇಳಿಸುತ್ತಿದ್ದ ಕೈಗಳು ಅನೇಕರಿಗೆ ನೆನಪಿರಬಹುದು. ಆ ಎಣ್ಣೆ ನೆತ್ತಿಯಿಂದ ಇಳಿದು ಮಿದುಳನ್ನು ತಂಪು ಮಾಡುತ್ತದೆ ಎಂಬ ಮಾತನ್ನು ನಾನು ನಂಬುವುದಿಲ್ಲ. ತಲೆಬುರುಡೆ ಅಷ್ಟು ಸಡಿಲವಲ್ಲ. ಆದರೆ ಆ ಕೈಯ ಕೆಲಸ ಸುಳ್ಳಲ್ಲ. ರೋಮವಿರುವ ಚರ್ಮದಲ್ಲಿ ತೀರ ಸಣ್ಣ ನರತಂತುಗಳಿವೆ. ಸೆಕೆಂಡಿಗೆ 1ರಿಂದ 10 ಸೆಂಟಿಮೀಟರ್ ವೇಗದಲ್ಲಿ ಮೆತ್ತಗೆ ಸವರಿದರೆ ಅವು ಚೆನ್ನಾಗಿ ಎಚ್ಚೆತ್ತುಕೊಳ್ಳುತ್ತವೆ. ಗಡಿಬಿಡಿಯಲ್ಲಿ ಉಜ್ಜಿದರೆ ಅಷ್ಟಾಗಿ ಓಗೊಡುವುದಿಲ್ಲ. ಮುಟ್ಟಿದ್ದು ಎಲ್ಲಿ, ಎಷ್ಟು ಒತ್ತಿ ಎಂಬ ಲೆಕ್ಕ ಬೇರೆ ನರಗಳದು. ಇವು ಮಿದುಳಿಗೆ ಒಯ್ಯುವುದು ಹಿತವಾಯಿತು ಎಂಬ ಸುದ್ದಿಯನ್ನು. ಕೂಸಿಗೆ ಎಣ್ಣೆ ಹಚ್ಚುವವರ ಕೈ ಯಾರೂ ಹೇಳಿಕೊಡದೆ ಆ ವೇಗಕ್ಕೇ ಬರುತ್ತದೆ. ನಮ್ಮ ಮೈಗೆ ನಾವೇ ಹಚ್ಚಿಕೊಳ್ಳುವಾಗ ಮಾತ್ರ ಆಫೀಸಿಗೆ ಹೊತ್ತಾಗಿರುತ್ತದೆ.

ಸೋಪಿನ ಬಗ್ಗೆ ಒಂದೇ ಮಾತು: ಚರ್ಮದ ಮೇಲ್ಮೈ ಕೊಂಚ ಹುಳಿ, ಸೋಪು ಕ್ಷಾರ. ದಿನವೂ ಇಡೀ ಮೈಗೆ ನೊರೆ ಬೇಕಿಲ್ಲ.

ಊರಲ್ಲಿ ಒಬ್ಬರೇ ಉಳಿದ ಹಿರಿಯರಿಗೆ ಫೋನ್ ಮಾಡಿದಾಗ ಮಾತ್ರೆ ತಗೊಂಡಿರಾ, ಬಿ.ಪಿ. ಎಷ್ಟಿದೆ ಎಂದು ಕೇಳುತ್ತೇವೆ. ಯಾರಾದರೂ ಅವರ ಬೆನ್ನು ಉಜ್ಜಿ ಎಷ್ಟು ದಿನವಾಯಿತು ಎಂದು ಕೇಳುವುದಿಲ್ಲ. ವಯಸ್ಸಾದ ಮೇಲೆ ಚರ್ಮ ಒಣಗಿ, ಚಳಿಗಾಲದಲ್ಲಿ ರಾತ್ರಿಯೆಲ್ಲ ತುರಿಸುತ್ತದೆ. ಸ್ನಾನವಾದ ಕೂಡಲೇ, ಮೈ ಇನ್ನೂ ತೇವವಿರುವಾಗ ಕೊಬ್ಬರಿ ಎಣ್ಣೆ ಸವರಿದರೆ ಎಷ್ಟೋ ತಗ್ಗುತ್ತದೆ. ಕೈಕಾಲಿಗೆ ಅವರೇ ಹಚ್ಚಿಕೊಳ್ಳುತ್ತಾರೆ. ಬೆನ್ನಿನ ನಡುವಿಗೆ ಕೈ ನಿಲುಕುವುದಿಲ್ಲ. ಭಾನುವಾರ ಊರಿಗೆ ಹೊರಟವರು ಹಣ್ಣಿನ ಚೀಲದ ಜೊತೆಗೆ ಆ ಹತ್ತು ನಿಮಿಷವನ್ನೂ ಇಟ್ಟುಕೊಂಡು ಹೋಗಬಹುದು.