ದಾಸವಾಳದ ಪಕ್ಕದ ಸ್ಫಟಿಕ

ಬಿಎಂಪಿ ಫೈಲೊಂದರಲ್ಲಿ ಅಡ್ಡಕ್ಕೆ 101 ಪಿಕ್ಸೆಲ್‌ಗಳ ಬಣ್ಣದ ಚಿತ್ರವಿದೆ ಎನ್ನೋಣ. ಪಿಕ್ಸೆಲ್ ಒಂದಕ್ಕೆ ನೀಲಿ, ಹಸಿರು, ಕೆಂಪು ಎಂದು 3 ಬೈಟ್, ಸಾಲಿಗೆ 303. ಆದರೆ ಈ ಬಗೆಯ ಫೈಲಿನಲ್ಲಿ ಸಾಲಿನ ಅಳತೆ 4ರಿಂದ ಭಾಗವಾಗಲೇಬೇಕು. ಹಾಗಾಗಿ ತುದಿಗೊಂದು ಖಾಲಿ ಬೈಟ್ ಸೇರಿ 304 ಆಗುತ್ತದೆ. ಫೈಲನ್ನು ಬೈಟ್ ಬೈಟಾಗಿ ಓದುತ್ತಿದ್ದ ಹಳೆಯ ಕೋಡ್ ಆ ಖಾಲಿ ಬೈಟನ್ನು ದಾಟಲು ಮರೆತರೆ, ಅದೇ ಮುಂದಿನ ಸಾಲಿನ ಮೊದಲ ನೀಲಿಯಾಗಿ ಕೂರುತ್ತದೆ. ನೀಲಿಯ ಅಂಕಿ ಹಸಿರಿನ ಜಾಗಕ್ಕೆ, ಹಸಿರಿನದು ಕೆಂಪಿನ ಜಾಗಕ್ಕೆ ಸರಿಯುತ್ತದೆ. ಮೂರು ಸಾಲಿಗೊಮ್ಮೆ ಇಡೀ ಚಿತ್ರ ಒಂದು ಪಿಕ್ಸೆಲ್ ಬಲಕ್ಕೆ ವಾಲುತ್ತದೆ. ಅಗಲ 100 ಇದ್ದಿದ್ದರೆ ಸಾಲಿಗೆ ಸರಿಯಾಗಿ 300 ಬೈಟ್. ಈ ತಪ್ಪು ಯಾರ ಕಣ್ಣಿಗೂ ಬೀಳುತ್ತಿರಲಿಲ್ಲ. 1995ರಲ್ಲಿ ಬಂದ ಡೆಲ್ಫಿ ಎಂಬ ಪ್ರೋಗ್ರಾಮಿಂಗ್ ಸಾಧನದಲ್ಲಿ ಇಂಥ ದೋಷದ ಇನ್ನೊಂದು ಬಗೆ: ಗುಂಡಿಯ ಮೇಲಿನ ಚಿತ್ರದ ಕೆಳಗಿನ ಎಡಮೂಲೆಯಲ್ಲಿ ಯಾವ ಬಣ್ಣವಿದೆಯೋ ಅದು ಪಾರದರ್ಶಕ. ಆ ಮೂಲೆ ಬಿಳಿಯಾಗಿದ್ದರೆ, ಚಿತ್ರದ ನಡುವಿನ ಬಿಳಿ ಹಾಳೆಯೂ ತೂತಾಗಿ ಕಾಣುತ್ತದೆ.

ಹೀಗೆ ಕಂಡದ್ದು ಭ್ರಮೆಯೇ? ಭ್ರಮೆ ಎಂದೊಡನೆ ನಮಗೆ ನೆನಪಾಗುವುದು ಹಗ್ಗ, ಹಾವು. ದೀಪ ತಂದರೆ ಹಾವಿಲ್ಲ; ಅರಿವು ಬಂದಲ್ಲಿಗೆ ಭ್ರಮೆ ಮುಗಿಯಿತು. ವಾಲಿದ ಚಿತ್ರ ಹಾಗಲ್ಲ. ಕಾರಣ ಪೂರ್ತಿ ತಿಳಿದ ಮೇಲೂ ಅದು ವಾಲಿಕೊಂಡೇ ಇರುತ್ತದೆ. ವೇದಾಂತಿಗಳು ಇದಕ್ಕೆ ಬೇರೆಯದೇ ಉದಾಹರಣೆ ಇಟ್ಟುಕೊಂಡಿದ್ದಾರೆ: ದಾಸವಾಳದ ಪಕ್ಕದಲ್ಲಿಟ್ಟ ಸ್ಫಟಿಕ. ಸ್ಫಟಿಕಕ್ಕೆ ಬಣ್ಣವಿಲ್ಲವೆಂದು ಬಲ್ಲವನಿಗೂ ಅದು ಕೆಂಪಾಗಿಯೇ ಕಾಣುತ್ತದೆ. ಹೂವು ಅಲ್ಲಿಂದ ಸರಿಯಬೇಕು. ಇದು ಉಪಾಧಿಯಿಂದ, ಅಂದರೆ ಪಕ್ಕದ ವಸ್ತುವಿನಿಂದ ಹುಟ್ಟಿದ ಸೋಪಾಧಿಕ ಭ್ರಮೆ, ಹಗ್ಗದ ಹಾವು ನಿರುಪಾಧಿಕ. ಈ ವಿಂಗಡಣೆ ಬರಿಯ ಶಾಸ್ತ್ರದ ಸೂಕ್ಷ್ಮವಲ್ಲ ಎಂದು ನನಗೆ ಮನವರಿಕೆ ಮಾಡಿಕೊಡುವುದು ಇಂಥ ದೋಷಗಳೇ. ಇಲ್ಲಿ ಬೈಟುಗಳು ಸ್ಫಟಿಕ, ಓದುವ ಕೋಡ್ ದಾಸವಾಳ. ಅದೇ ಫೈಲನ್ನು ಬೇರೆ ಪ್ರೋಗ್ರಾಂನಲ್ಲಿ ತೆರೆದರೆ ಚಿತ್ರ ನೆಟ್ಟಗೆ ನಿಲ್ಲುತ್ತದೆ.

ಯಂತ್ರಕ್ಕೆ ಭ್ರಮೆ ಎಲ್ಲಿಂದ ಬಂತು ಎಂದು ಕೇಳಬಹುದು. ಯಂತ್ರಕ್ಕಿಲ್ಲ, ನಿಜ, ಹೂವಿಗೂ ಇರಲಿಲ್ಲ. ಫೋಟೊ ಕೆಟ್ಟಿದೆ ಎಂದುಕೊಳ್ಳುವವನು ನೋಡುವವನು. ಇನ್ನೂ ಗಟ್ಟಿಯಾದ ಆಕ್ಷೇಪ ಒಂದಿದೆ: ಪರದೆಯ ಮೇಲೆ ಬೆಳಗಿದ ಚುಕ್ಕಿಗಳು ನಿಜವಾಗಿ ಬೆಳಗಿವೆಯಲ್ಲ, ಸುಳ್ಳೆಲ್ಲಿ? ಉಡುಪಿಯ ಮಧ್ವಾಚಾರ್ಯರ ಮತ ಇಲ್ಲಿ ನೆರವಿಗೆ ಬರುತ್ತದೆ. ಚಿಪ್ಪನ್ನು ಬೆಳ್ಳಿ ಎಂದು ಭ್ರಮಿಸಿದಾಗ ಚಿಪ್ಪು ಸತ್ಯ, ಅಲ್ಲಿ ಕಂಡ ಬೆಳ್ಳಿ ಮಾತ್ರ ಎಂದೂ ಇರಲಿಲ್ಲ. ಚುಕ್ಕಿಗಳೂ ಹಾಗೆಯೇ ಸತ್ಯ. ‘ಫೈಲಿನಲ್ಲಿರುವ ಚಿತ್ರ ಇದೇ’ ಎಂಬ ಮಾತಷ್ಟೇ ಸುಳ್ಳು.

ಕಷ್ಟ ಎದುರಾಗುವುದು ಮೂಲ ಕೋಡೇ ಕಳೆದುಹೋದ ಹಳೆಯ ಪ್ರೋಗ್ರಾಂನಲ್ಲಿ. ಅಲ್ಲಿ ದಾಸವಾಳವನ್ನು ಎತ್ತಿಡುವಂತಿಲ್ಲ. ಆಗ ಚಿತ್ರದಿಂದಲೇ ಒಂದು ಕಂಬಸಾಲು ಕತ್ತರಿಸಿ 100 ಮಾಡುವುದುಂಟು. ಪರದೆಯ ಮೇಲೆ ಚಿತ್ರ ನೆಟ್ಟಗಾಗುತ್ತದೆ. ಆದರೆ ಇದನ್ನು ಭ್ರಮೆಯ ನಿವಾರಣೆ ಎಂದು ಕರೆಯಲು ನಾನು ಒಪ್ಪಲಾರೆ. ಕೋಡಿನ ತಪ್ಪು ಇನ್ನೂ ಹಾಗೆಯೇ ಇದೆ, ಸರಿಯಿದ್ದ ಫೈಲಿನಿಂದ ಒಂದು ಕಂಬಸಾಲು ಹೋಗಿದೆ.