ಸಂಶಯದ ಲಾಭ ಯಾರಿಗೆ?

ಕಾಸರಗೋಡು ಜಿಲ್ಲೆಯ ಎಣ್ಮಕಜೆ ಪಂಚಾಯಿತಿಗೆ ಸೇರಿದ ಪಡ್ರೆಯಲ್ಲಿ ಗೇರು ತೋಟ ಇರುವುದು ಗುಡ್ಡದ ನೆತ್ತಿಯಲ್ಲಿ, ಮನೆ ಮತ್ತು ಅಡಿಕೆ ತೋಟ ಇರುವುದು ಕೆಳಗಿನ ಕಣಿವೆಯಲ್ಲಿ. ಕುಡಿಯುವ ನೀರು ಗುಡ್ಡದ ಒಡಲಿನಿಂದಲೇ ಬರಬೇಕು. ಮುರಕಲ್ಲನ್ನು ಅಡ್ಡಕ್ಕೆ ಕೊರೆದು ಮಾಡಿದ ಸುರಂಗದಲ್ಲಿ ಒಸರುವ ನೀರು ಸಣ್ಣ ಕಾಲುವೆಯಾಗಿ ಹೊರಬಂದು, ಅಡಿಕೆ ದಂಬೆಯ ಮೇಲೆ ಹರಿದು, ಅಂಗಳದ ಬದಿಯ ತೊಟ್ಟಿಗೆ ಬೀಳುತ್ತದೆ. ಪಂಪು ಬೇಡ, ಕರೆಂಟು ಬೇಡ. ತಲೆಮಾರುಗಳಿಂದ ಈ ಸೀಮೆಯ ಕನ್ನಡ, ತುಳು ಮಾತಾಡುವ ಮನೆಗಳು ಬದುಕಿದ್ದು ಹೀಗೆ. ಗುಡ್ಡದ ಮೇಲೆ ಏನು ಬಿದ್ದರೂ ಇಂದಲ್ಲ ನಾಳೆ ಅದು ಈ ತೊಟ್ಟಿಗೆ ಇಳಿಯುತ್ತದೆ.

1970ರ ದಶಕದ ಕೊನೆಯಿಂದ 2000ದವರೆಗೆ ಆ ಗುಡ್ಡಗಳ ಮೇಲೆ ಬಿದ್ದದ್ದು ಎಂಡೋಸಲ್ಫಾನ್ ಎಂಬ ಕೀಟನಾಶಕ. ಕೇರಳ ಸರ್ಕಾರದ ಪ್ಲಾಂಟೇಶನ್ ಕಾರ್ಪೊರೇಶನ್ ಈ ಜಿಲ್ಲೆಯಲ್ಲಿ ಸುಮಾರು 4,700 ಹೆಕ್ಟೇರ್ ಗೇರು ಬೆಳೆಸಿತ್ತು. ಚಿಗುರು ಮತ್ತು ಹೂವನ್ನು ಹೀರಿ ಒಣಗಿಸುವ ಟೀ ಸೊಳ್ಳೆಯನ್ನು ಕೊಲ್ಲಲು ಪ್ರತಿ ವರ್ಷ ಹೆಲಿಕಾಪ್ಟರ್ ಬರುತ್ತಿತ್ತು. ಮರದ ತುದಿಯಿಂದ ಎರಡು ಮೂರು ಮೀಟರ್ ಎತ್ತರದಲ್ಲಷ್ಟೇ ಹಾರಿ ಸಿಂಪಡಿಸಬೇಕೆಂಬುದು ನಿಯಮ. ಏರು ತಗ್ಗಿನ ಗುಡ್ಡ, ನಡುವೆ ವಿದ್ಯುತ್ ತಂತಿ ಇರುವ ಕಡೆ ಆ ನಿಯಮ ಕಾಗದದಲ್ಲೇ ಉಳಿಯಿತು. ಸಿಂಪಡಣೆಯ ದಿನ ಬಾವಿ ಮುಚ್ಚಿಕೊಳ್ಳಿ ಎಂದು ಊರಿಗೆ ಸೂಚನೆ ಬರುತ್ತಿತ್ತು. ತೋಡನ್ನೂ ಸುರಂಗದ ಕಾಲುವೆಯನ್ನೂ ಮುಚ್ಚುವ ಬಗೆ ಯಾರಿಗೂ ಗೊತ್ತಿರಲಿಲ್ಲ.

ಮೊದಲು ಜೇನುನೊಣ ಸತ್ತವು, ತೋಡಿನ ಮೀನು ತೇಲಿದವು. ಆಮೇಲೆ ಸೊಟ್ಟ ಕಾಲಿನ ಕರುಗಳು ಹುಟ್ಟಿದವು. ಅದೇ ಊರಿನ ಪತ್ರಕರ್ತ ಶ್ರೀಪಡ್ರೆ ಇದನ್ನು ಬರೆದಾಗ ಓದಿದವರು ಕಡಿಮೆ. ಆಮೇಲೆ ಮಕ್ಕಳ ಸರದಿ ಬಂತು: ತಲೆ ದೊಡ್ಡದಾದವರು, ನಡೆಯಲಾಗದವರು, ಮಾತು ಬಾರದವರು, ಅಪಸ್ಮಾರದಿಂದ ಬೀಳುವವರು. ಸಣ್ಣ ಊರಿನಲ್ಲಿ ಇಷ್ಟೊಂದು ನರರೋಗ, ಇಷ್ಟೊಂದು ಕ್ಯಾನ್ಸರ್ ಏಕೆ ಎಂದು ಅಲ್ಲಿ ವೈದ್ಯಕೀಯ ಮಾಡುತ್ತಿದ್ದ ಡಾ. ವೈ.ಎಸ್. ಮೋಹನ ಕುಮಾರ್ 1990ರ ದಶಕದಲ್ಲಿ ವೈದ್ಯಲೋಕವನ್ನು ಕೇಳಿದರು.

ಏಕೆ ಎಂಬ ಪ್ರಶ್ನೆಗೆ ಊರಿನಲ್ಲಿ ಉತ್ತರ ಅದಾಗಲೇ ಇತ್ತು. ದೈವದ ಮುನಿಸು, ನಾಗದೋಷ, ಹಿಂದಿನ ಜನ್ಮದ ಪಾಪ. ಕರಾವಳಿಯ ಮನೆಯಲ್ಲಿ ಮಗುವಿಗೆ ತಿಳಿಯದ ಕಾಯಿಲೆ ಬಂದರೆ ಜ್ಯೋತಿಷಿಯಲ್ಲಿ ಪ್ರಶ್ನೆ ಇಡಿಸುವುದು, ನಾಗನಿಗೆ ತಂಬಿಲ ಕೊಡುವುದು, ಹರಕೆ ಹೇಳಿಕೊಳ್ಳುವುದು ರೂಢಿ. ಅದನ್ನು ಮೌಢ್ಯ ಎಂದು ಬೈದು ಮುಂದೆ ಹೋಗುವುದು ಸರಿಯಲ್ಲ. ಆಸ್ಪತ್ರೆ ಕಾರಣ ಹೇಳದೆ ವಾಪಸು ಕಳಿಸಿದಾಗ ಮನುಷ್ಯ ಎಲ್ಲಿಗಾದರೂ ಹೋಗಿ ಕೇಳಲೇಬೇಕು. ಆದರೆ ಕರ್ಮದ ವಿವರಣೆಯಲ್ಲಿ ಒಂದು ಕ್ರೌರ್ಯ ಇದೆ. ಹೆತ್ತ ತಾಯಿಯೇ ತನ್ನಿಂದ ಏನೋ ತಪ್ಪಾಗಿದೆ ಎಂದು ನಂಬಿಬಿಟ್ಟ ಮೇಲೆ ಗುಡ್ಡದ ಮೇಲೆ ಹಾರುವ ಹೆಲಿಕಾಪ್ಟರ್‌ನತ್ತ ಯಾರೂ ಬೆರಳು ತೋರಿಸುವುದಿಲ್ಲ.

ಧರ್ಮ ಹೇಳುವುದೇ ಇಷ್ಟು ಎಂದು ತಿಳಿಯುವುದು ತಪ್ಪು. ಸಂಯುಕ್ತ ನಿಕಾಯದಲ್ಲಿ ಮೋಳಿಯ ಸೀವಕನೆಂಬ ಪರಿವ್ರಾಜಕ ಬುದ್ಧನನ್ನು ಕೇಳುತ್ತಾನೆ: ಮನುಷ್ಯ ಅನುಭವಿಸುವುದೆಲ್ಲ ಪೂರ್ವಕರ್ಮದಿಂದಲೇ ಬರುತ್ತದೆ ಎನ್ನುವವರಿದ್ದಾರೆ, ತಾವೇನು ಹೇಳುತ್ತೀರಿ? ಬುದ್ಧ ಎಂಟು ಕಾರಣಗಳನ್ನು ಹೇಳುತ್ತಾನೆ. ಪಿತ್ತ, ಕಫ, ವಾತ, ಇವು ಮೂರೂ ಕೂಡಿದ ಸನ್ನಿಪಾತ, ಋತುವಿನ ಬದಲಾವಣೆ, ಹದ ತಪ್ಪಿದ ನಡವಳಿಕೆ, ಹೊರಗಿನಿಂದ ಬಿದ್ದ ಪೆಟ್ಟು. ಕರ್ಮಫಲ ಬರುವುದು ಎಂಟನೆಯದಾಗಿ. ಎಲ್ಲವನ್ನೂ ಕರ್ಮಕ್ಕೆ ಕಟ್ಟುವವರು ಲೋಕ ಕಂಡ ಸತ್ಯವನ್ನು ದಾಟಿ ಮಾತಾಡುತ್ತಾರೆ ಎಂಬುದು ಅವನ ತೀರ್ಮಾನ. ಪಡ್ರೆಯ ಮಟ್ಟಿಗೆ ಹೇಳುವುದಾದರೆ, ಹೊರಗಿನ ಪೆಟ್ಟನ್ನು ನೋಡದೆ ಎಂಟನೆಯದಕ್ಕೆ ಹೋಗಬಾರದು.

ಚರಕಸಂಹಿತೆ ಇನ್ನೂ ಹತ್ತಿರ ಬರುತ್ತದೆ. ವಿಮಾನಸ್ಥಾನದ ಮೂರನೆಯ ಅಧ್ಯಾಯ ಇಡೀ ಜನಪದವೇ ರೋಗಕ್ಕೆ ತುತ್ತಾಗುವುದನ್ನು ಕುರಿತದ್ದು. ಪಾಂಚಾಲದ ಕಾಂಪಿಲ್ಯದಲ್ಲಿ, ಬೇಸಿಗೆಯ ಕಾಲ, ಗಂಗೆಯ ದಡದ ಕಾಡಿನಲ್ಲಿ ಆತ್ರೇಯ ಶಿಷ್ಯರೊಡನೆ ಓಡಾಡುತ್ತಿದ್ದಾನೆ. ಶಿಷ್ಯ ಅಗ್ನಿವೇಶ ಕೇಳುವ ಪ್ರಶ್ನೆ ಇಂದಿನ ಸಾಂಕ್ರಾಮಿಕ ವಿಜ್ಞಾನದ ಮೊದಲ ಪಾಠದಲ್ಲಿಯೂ ಇರಬಹುದಾದದ್ದು. ಜನರ ಪ್ರಕೃತಿ ಬೇರೆ, ಆಹಾರ ಬೇರೆ, ಬಲ ಬೇರೆ, ವಯಸ್ಸು ಬೇರೆ. ಹಾಗಿದ್ದೂ ಒಂದೇ ಕಾಲದಲ್ಲಿ ಒಂದೇ ರೋಗ ಊರನ್ನೆಲ್ಲ ಹೇಗೆ ನಾಶಮಾಡುತ್ತದೆ? ಆತ್ರೇಯನ ಉತ್ತರ: ಬೇರೆಯಾದದ್ದನ್ನು ಬಿಟ್ಟು ಎಲ್ಲರಿಗೂ ಸಮಾನವಾದದ್ದನ್ನು ನೋಡು. ಗಾಳಿ, ನೀರು, ನೆಲ, ಕಾಲ. ಇವು ಕೆಟ್ಟರೆ ಎಲ್ಲರೂ ಕೆಡುತ್ತಾರೆ. ಇವು ಏಕೆ ಕೆಡುತ್ತವೆ ಎಂದು ಮತ್ತೆ ಕೇಳಿದಾಗ ಆತ ಅಧರ್ಮ ಎನ್ನುತ್ತಾನೆ. ಆ ಅಧರ್ಮವನ್ನು ವಿವರಿಸುವಾಗ ದೇಶ, ನಗರ, ಜನಪದಗಳ ಮುಖ್ಯಸ್ಥರಿಂದ ಶುರುಮಾಡುತ್ತಾನೆ. ಅವರು ದಾರಿ ತಪ್ಪಿದರೆ ಅವರನ್ನು ಆಶ್ರಯಿಸಿದವರೂ ತಪ್ಪುತ್ತಾರೆ, ಕೊನೆಗೆ ನೀರೂ ನೆಲವೂ ಕೆಡುತ್ತವೆ.

ಎಲ್ಲರಿಗೂ ಸಮಾನವಾದದ್ದನ್ನು ನೋಡಲು ಸರ್ಕಾರ ಬಂದದ್ದು ಕೊನೆಯ ಸಿಂಪಡಣೆಯ ನಂತರ. ರಾಷ್ಟ್ರೀಯ ಮಾನವ ಹಕ್ಕುಗಳ ಆಯೋಗ ಕೇಳಿದ ಮೇಲೆ, 2001ರಲ್ಲಿ, ಅಹಮದಾಬಾದಿನ ರಾಷ್ಟ್ರೀಯ ಔದ್ಯೋಗಿಕ ಆರೋಗ್ಯ ಸಂಸ್ಥೆಯ ತಂಡ ಪಡ್ರೆಯ ಶಾಲಾ ಮಕ್ಕಳನ್ನು ಪರೀಕ್ಷಿಸಿತು. ವೈಮಾನಿಕ ಸಿಂಪಡಣೆ ಇಲ್ಲದ ಮೀಂಜ ಪಂಚಾಯಿತಿಯ ಮಕ್ಕಳೊಡನೆ ಅವರನ್ನು ಹೋಲಿಸಿತು. ಹುಡುಗರ ಕುರಿತ ಭಾಗ 2003ರಲ್ಲಿ ಅಂತಾರಾಷ್ಟ್ರೀಯ ವಿಜ್ಞಾನ ಪತ್ರಿಕೆಯಲ್ಲಿ ಪ್ರಕಟವಾಯಿತು. ಪಡ್ರೆಯ 117 ಹುಡುಗರಲ್ಲಿ ಶೇಕಡಾ 78 ಮಂದಿಯ ರಕ್ತದಲ್ಲಿ ಎಂಡೋಸಲ್ಫಾನ್ ಸಿಕ್ಕಿತು. ಹೋಲಿಕೆಯ 90 ಹುಡುಗರಲ್ಲಿ ಶೇಕಡಾ 29. ಸರಾಸರಿ ಪ್ರಮಾಣ ಒಂದು ಕಡೆ 7.47 ಪಿಪಿಬಿ, ಇನ್ನೊಂದು ಕಡೆ 1.37. ಸಿಂಪಡಣೆ ನಿಂತು ಸುಮಾರು ಹತ್ತು ತಿಂಗಳಾದ ಮೇಲಿನ ಲೆಕ್ಕ ಇದು. ಪಡ್ರೆಯ ಹುಡುಗರು ಪ್ರಾಯಕ್ಕೆ ಬರುವುದು ತಡವಾಗುತ್ತಿದೆ ಎಂಬುದೂ ಅದರಲ್ಲಿ ಕಂಡಿತು.

ಆಮೇಲೆ ಸಮಿತಿಗಳು ಸಾಲಾಗಿ ಬಂದವು. ಕೇಂದ್ರ ಕೃಷಿ ಇಲಾಖೆಯ ದುಬೆ ಸಮಿತಿ, ಮಾಯಿ ಸಮಿತಿ. ರೋಗಕ್ಕೂ ಎಂಡೋಸಲ್ಫಾನಿಗೂ ಇರುವ ಸಂಬಂಧ ಸಾಬೀತಾಗಿಲ್ಲ ಎಂದು ಅವು ಹೇಳಿದವು. ಅಪೌಷ್ಟಿಕತೆ ಇರಬಹುದು, ರಕ್ತಸಂಬಂಧದಲ್ಲಿ ಮದುವೆ ಇರಬಹುದು, ನೀರಿನಲ್ಲಿ ಬೇರೇನೋ ಇರಬಹುದು ಎಂಬ ವಾದಗಳು ಎದ್ದವು. ಕೆಲವು ವಿಜ್ಞಾನಿಗಳು ಇಂದಿಗೂ ಹಾಗೆ ವಾದಿಸುತ್ತಾರೆ.

ಈ ವಾದವನ್ನು ಹಗುರವಾಗಿ ತಳ್ಳಬಾರದು. ಭಾರತದ ತರ್ಕಶಾಸ್ತ್ರಕ್ಕೆ ಇದು ಚೆನ್ನಾಗಿ ಗೊತ್ತಿರುವ ವಿಷಯ. ಹೊಗೆ ಇದ್ದಲ್ಲಿ ಬೆಂಕಿ ಇದೆ ಎನ್ನಬಹುದು; ಬೆಂಕಿ ಇದ್ದಲ್ಲೆಲ್ಲ ಹೊಗೆ ಇದೆ ಎನ್ನಲಾಗದು, ಏಕೆಂದರೆ ನಡುವೆ ಹಸಿ ಸೌದೆ ಎಂಬ ಇನ್ನೊಂದು ಸಂಗತಿ ಅಡಗಿದೆ. ಅದನ್ನು ನೈಯಾಯಿಕರು ಉಪಾಧಿ ಎಂದರು. ಎರಡು ಸಂಗತಿ ಜೊತೆಯಲ್ಲಿ ಕಂಡ ಮಾತ್ರಕ್ಕೆ ಒಂದು ಇನ್ನೊಂದಕ್ಕೆ ಕಾರಣ ಎನ್ನದೆ ಉಪಾಧಿಯನ್ನು ಹುಡುಕಬೇಕು. ಕಾಸರಗೋಡಿನ ಪ್ರತಿಯೊಂದು ಕಾಯಿಲೆಯೂ ಎಂಡೋಸಲ್ಫಾನಿನಿಂದಲೇ ಬಂತು ಎಂದು ಯಾರೂ ಹೇಳಲಾಗದು. ಜಗತ್ತಿನ ಎಲ್ಲ ಊರಿನಲ್ಲೂ ಕ್ಯಾನ್ಸರ್ ಇದೆ, ಎಲ್ಲ ಊರಿನಲ್ಲೂ ಅಪಸ್ಮಾರ ಇದೆ.

ಆದರೆ ಅದೇ ತರ್ಕಶಾಸ್ತ್ರ ಇನ್ನೊಂದು ಪ್ರಶ್ನೆಯನ್ನೂ ಎತ್ತಿತು, ಸಮಿತಿಗಳು ಕಿವಿಗೊಡದ ಪ್ರಶ್ನೆ. ಉಪಾಧಿಯ ಸಂಶಯಕ್ಕೆ ಕೊನೆ ಎಲ್ಲಿ? ಇಂದು ಕಾಣದ ಉಪಾಧಿ ನಾಳೆ ಕಾಣಬಹುದು ಎನ್ನುತ್ತ ಹೋದರೆ ಲೋಕದಲ್ಲಿ ತರ್ಕದ ಯಾವ ತೀರ್ಮಾನವೂ ನಿಲ್ಲದು. ಮಿಥಿಲೆಯ ಉದಯನ ನ್ಯಾಯಕುಸುಮಾಂಜಲಿಯಲ್ಲಿ ಕೊಟ್ಟ ಉತ್ತರ, ಆಮೇಲೆ ಗಂಗೇಶ ವಿಸ್ತರಿಸಿದ್ದು, ಇಷ್ಟು: ಸಂಶಯಪಡುವವನ ನಡತೆಯೇ ಅವನ ಸಂಶಯವನ್ನು ಸುಳ್ಳು ಮಾಡುವಲ್ಲಿ ಸಂಶಯ ನಿಲ್ಲಬೇಕು. ಬೆಂಕಿ ಹೊಗೆಗೆ ಕಾರಣವೋ ಅಲ್ಲವೋ ಎನ್ನುವವನೂ ಹೊಗೆ ಬೇಕಾದಾಗ ಬೆಂಕಿಯನ್ನೇ ಹೊತ್ತಿಸುತ್ತಾನೆ. ಉದಯನನ ಉತ್ತರವನ್ನು ಶ್ರೀಹರ್ಷ ಖಂಡಿಸಿದ. ವಾದ ಶತಮಾನಗಳ ಕಾಲ ನಡೆಯಿತು. ಬದುಕಿನ ವ್ಯವಹಾರಕ್ಕೆ ಮಾತ್ರ ಉದಯನನ ಮಾತೇ ಸಾಕು. ಬಾವಿ ಮುಚ್ಚಿಕೊಳ್ಳಿ ಎಂದು ಸೂಚನೆ ಕೊಟ್ಟವರಿಗೆ ಎಂಡೋಸಲ್ಫಾನ್ ನೀರಿಗೆ ಬೀಳಬಾರದ ವಸ್ತು ಎಂದು ತಿಳಿದಿತ್ತು. ಆ ತಿಳಿವಳಿಕೆಯ ಮೇಲೆ ನಡೆದುಕೊಂಡವರು ಆಮೇಲೆ ಸಮಿತಿಯ ಮುಂದೆ ಅದರ ಅಪಾಯ ಸಾಬೀತಾಗಿಲ್ಲ ಎನ್ನುವ ಹಕ್ಕನ್ನು ಕಳೆದುಕೊಂಡಿದ್ದಾರೆ.

ಇನ್ನೊಂದು ಪ್ರಮಾಣವನ್ನಂತೂ ತನಿಖೆಗಳು ತಕ್ಕಡಿಗೇ ಹಾಕಲಿಲ್ಲ: ಕಂಡವರ ಮಾತು. ಆಪ್ತ, ಅಂದರೆ ಮಾತನ್ನು ನಂಬಬಹುದಾದವನು, ಯಾರು ಎಂಬುದಕ್ಕೆ ನ್ಯಾಯಭಾಷ್ಯದಲ್ಲಿ ವಾತ್ಸ್ಯಾಯನ ಕೊಡುವ ಲಕ್ಷಣ, ವಿಷಯವನ್ನು ಸಾಕ್ಷಾತ್ ಕಂಡು ಅದನ್ನು ಕಂಡಂತೆ ಹೇಳಬಯಸುವವನು. ಈ ಲಕ್ಷಣ ಋಷಿಗೂ ಆರ್ಯನಿಗೂ ಮ್ಲೇಚ್ಛನಿಗೂ ಒಂದೇ ಎಂದು ಆತ ಸ್ಪಷ್ಟವಾಗಿ ಸೇರಿಸುತ್ತಾನೆ. ಪದವಿ, ಕುಲ, ಭಾಷೆ ಲೆಕ್ಕಕ್ಕಿಲ್ಲ. ಜೇನುಪೆಟ್ಟಿಗೆ ಖಾಲಿಯಾದದ್ದನ್ನು ಕಂಡ ಕೃಷಿಕ, ಯಾವ ವರ್ಷದ ಯಾವ ಸಿಂಪಡಣೆಯ ನಂತರ ಯಾವ ಹಸು ಕಂದು ಹಾಕಿತು ಎಂದು ನೆನಪಿಟ್ಟ ಹೆಂಗಸು ಈ ಲಕ್ಷಣಕ್ಕೆ ಪೂರ್ತಿ ಒಪ್ಪುತ್ತಾರೆ. ಅವರ ಮಾತಿನಿಂದಲೇ ಎಲ್ಲ ತೀರ್ಮಾನವಾಗಬೇಕೆಂದಲ್ಲ. ತನಿಖೆ ಎಲ್ಲಿಂದ ಶುರುವಾಗಬೇಕು ಎಂಬುದನ್ನಾದರೂ ಅದು ನಿರ್ಧರಿಸಬೇಕಿತ್ತು.

ಕಾಯುವುದರ ಬೆಲೆಯನ್ನು ಜಪಾನಿನ ಮಿನಮಾಟಾ ಕೊಲ್ಲಿಯ ಜನ ಬಲ್ಲರು. ಅಲ್ಲಿ ರೋಗ ಅಧಿಕೃತವಾಗಿ ವರದಿಯಾದದ್ದು 1956ರ ಮೇ 1ರಂದು. 1959ರಲ್ಲಿ ಕುಮಾಮೊಟೊ ವಿಶ್ವವಿದ್ಯಾಲಯದ ಸಂಶೋಧಕರು ಸಾವಯವ ಪಾದರಸವನ್ನು ಹೆಸರಿಸಿದರು. ಅದೇ ವರ್ಷ ಚಿಸ್ಸೊ ಕಂಪನಿಯ ಆಸ್ಪತ್ರೆಯ ವೈದ್ಯ ಹೊಸೊಕಾವಾ ಹಾಜಿಮೆ ಆ ಕಂಪನಿಯ ಕಾರ್ಖಾನೆ ನೀರಿಗೆ ಬಿಡುತ್ತಿದ್ದ ತ್ಯಾಜ್ಯವನ್ನು ಆಹಾರದಲ್ಲಿ ಬೆರೆಸಿ ಕೊಟ್ಟ ಬೆಕ್ಕಿಗೆ ಅದೇ ರೋಗ ಬಂತು. ಕಂಪನಿ ಅದನ್ನು ಮುಚ್ಚಿಟ್ಟಿತು. ಸರ್ಕಾರ ಕಾರಣವನ್ನು ಒಪ್ಪಿಕೊಂಡದ್ದು 1968ರ ಸೆಪ್ಟೆಂಬರಿನಲ್ಲಿ. ಆ ಹೊತ್ತಿಗೆ ಕಾರ್ಖಾನೆ ಪಾದರಸ ಬಳಸುವ ಆ ವಿಧಾನವನ್ನೇ ಬಿಟ್ಟಾಗಿತ್ತು. ನಡುವಿನ ವರ್ಷಗಳಲ್ಲಿ ಜನ ಆ ಕೊಲ್ಲಿಯ ಮೀನು ತಿನ್ನುತ್ತಲೇ ಇದ್ದರು.

ಅಂಕಿಅಂಶ ವಿಜ್ಞಾನಿ ಆಸ್ಟಿನ್ ಬ್ರಾಡ್‌ಫರ್ಡ್ ಹಿಲ್ ಪರಿಸರ ಮತ್ತು ರೋಗದ ಸಂಬಂಧವನ್ನು ಅಳೆಯುವ ಬಗೆಯನ್ನು ಹೇಳಿದ್ದು 1965ರಲ್ಲಿ. ಎಲ್ಲ ವಿಜ್ಞಾನವೂ ಅಪೂರ್ಣವೇ, ಆದರೆ ಕೈಯಲ್ಲಿರುವ ತಿಳಿವಳಿಕೆಯನ್ನು ಕಡೆಗಣಿಸಲು ಅದು ನೆಪವಾಗಬಾರದು ಎಂದು ಅವರು ಆ ಉಪನ್ಯಾಸವನ್ನು ಮುಗಿಸಿದರು. ಭಾರತದ ಸುಪ್ರೀಂ ಕೋರ್ಟ್ 1996ರ ವೆಲ್ಲೂರು ಪ್ರಕರಣದಲ್ಲಿ ಇದನ್ನೇ ಕಾನೂನಿನ ಮಾತಿನಲ್ಲಿ ಹೇಳಿತು: ಅಪಾಯವಿಲ್ಲ ಎಂದು ತೋರಿಸುವ ಹೊಣೆ ಆ ಕೆಲಸ ಮಾಡುವವನದು. 2011ರ ಮೇ 13ರಂದು ಅದೇ ನ್ಯಾಯಾಲಯ ದೇಶದಲ್ಲೆಲ್ಲ ಎಂಡೋಸಲ್ಫಾನನ್ನು ತಡೆಹಿಡಿಯಿತು. ಕರ್ನಾಟಕ ಅದೇ ವರ್ಷ ಅದಕ್ಕೂ ಮೊದಲೇ ನಿಷೇಧಿಸಿತ್ತು, ಏಕೆಂದರೆ ಗಡಿಯ ಈಚೆಗೆ, ಬೆಳ್ತಂಗಡಿ ತಾಲ್ಲೂಕಿನ ಕೊಕ್ಕಡದ ಸುತ್ತ, ಕರ್ನಾಟಕದ ಗೇರು ನಿಗಮದ ತೋಟಗಳ ಮಗ್ಗುಲಿನಲ್ಲಿಯೂ ಅದೇ ಸಿಂಪಡಣೆ ನಡೆದಿತ್ತು, ಅದೇ ಬಗೆಯ ಮಕ್ಕಳು ಹುಟ್ಟಿದ್ದರು.

ನಿಷೇಧದ ಮೇಲೆ ಪ್ರಶ್ನೆ ಇನ್ನೊಂದು ರೂಪ ತಾಳಿತು. ಸಂತ್ರಸ್ತ ಯಾರು? 2017ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಸಂತ್ರಸ್ತರಿಗೆ ತಲಾ 5 ಲಕ್ಷ ರೂಪಾಯಿಯನ್ನು ಮೂರು ತಿಂಗಳಲ್ಲಿ ಕೊಡಿ ಎಂದಿತು. 2022ರ ಮೇ ತಿಂಗಳಲ್ಲಿ ಅದೇ ನ್ಯಾಯಾಲಯ ವಿಚಾರಿಸಿದಾಗ, ಕಾದಿದ್ದ 3,704 ಮಂದಿಯಲ್ಲಿ ಹಣ ತಲುಪಿದ್ದು ನ್ಯಾಯಾಲಯದ ಮೆಟ್ಟಿಲೇರಿದ್ದ 8 ಮಂದಿಗೆ ಮಾತ್ರ. ಕಾದವರಲ್ಲಿ 102 ಮಂದಿ ಹಾಸಿಗೆ ಹಿಡಿದವರು. 2017ರ ವೈದ್ಯಕೀಯ ಶಿಬಿರದ ನಂತರ ಪಟ್ಟಿಯಿಂದ ಬಿಟ್ಟುಹೋದ 1,031 ಮಂದಿಯ ಕುಟುಂಬಗಳು ವರ್ಷಗಳ ಕಾಲ ಬೀದಿಯಲ್ಲಿ ಕೂತು ಕೇಳಬೇಕಾಯಿತು.

ಈ ಒಂದು ಮಗುವಿನ ಈ ಒಂದು ರೋಗ ಎಂಡೋಸಲ್ಫಾನಿನಿಂದಲೇ ಬಂತು ಎಂದು ಯಾವ ವೈದ್ಯನೂ ಬರೆದುಕೊಡಲಾರ. ಊರಿನ ಮಟ್ಟದಲ್ಲಿ ಮಾತ್ರ ಕಾಣುವ ಸತ್ಯವನ್ನು ಒಬ್ಬೊಬ್ಬರಲ್ಲಿ ತೋರಿಸು ಎನ್ನುವುದು, ಕೊಡಲಾಗದ ಸಾಕ್ಷಿಯನ್ನು ಕೇಳಿ ಬಾಗಿಲು ಹಾಕುವ ಕ್ರಮ. ಮೇಲಿಂದ ವಿಷ ಸುರಿದದ್ದು ಸರ್ಕಾರದ್ದೇ ನಿಗಮ. ಆ ತೋಟಗಳ ಕೆಳಗೆ, ಆ ವರ್ಷಗಳಲ್ಲಿ, ಆ ನೀರು ಕುಡಿದು ಬಾಳಿದ ಮನೆಯ ಯಾರನ್ನಾದರೂ ಪಟ್ಟಿಯಿಂದ ಬಿಡಬೇಕಿದ್ದರೆ ಅವರ ಕಾಯಿಲೆಗೆ ಬೇರೆ ಕಾರಣವಿದೆ ಎಂದು ಸರ್ಕಾರ ಸಾಬೀತುಪಡಿಸಲಿ. ಅಲ್ಲಿಯವರೆಗೆ ಔಷಧದ ಖರ್ಚು, ಮಾಸಾಶನ, ಹಗಲು ಹೊತ್ತು ಮಗುವನ್ನು ನೋಡಿಕೊಳ್ಳುವ ಕೇಂದ್ರ ಎಲ್ಲ ಅವರಿಗೂ ಸಿಗಬೇಕು. ಆ ಮಕ್ಕಳನ್ನು ಎತ್ತಿ ಇಳಿಸುತ್ತಿರುವ ತಾಯಂದಿರಿಗೆ ವಯಸ್ಸಾಗುತ್ತಿದೆ.